ಹೆಸರು ಮತ್ತು ಹೊಲ: ಧಾರವಾಡ ಎರೆಸೀಮೆಯ ಮನೆತನದ ಒಕ್ಕಲುತನ

1. ಪೀಠಿಕೆ

ಒಂದು ಸೀಮೆಯ ನೆಲದ ಗುಣ ಅಲ್ಲಿಯ ಬೆಳೆಯಲ್ಲಿ ಇಳಿಯುತ್ತದೆ, ಕಾಲಾಂತರದಲ್ಲಿ ಆ ಬೆಳೆ ಸೀಮೆಯ ಹೆಸರಿನಿಂದಲೇ ಗುರುತಿಸಲ್ಪಡುತ್ತದೆ ಎಂಬ ತಿಳಿವಳಿಕೆ ಬಹುತೇಕ ಎಲ್ಲ ಕೃಷಿ ಸಮುದಾಯಗಳಲ್ಲಿಯೂ ಕಂಡುಬರುತ್ತದೆ. ಈ ತಿಳಿವಳಿಕೆ ಕಾನೂನಿನ ರೂಪ ತಳೆದುದಕ್ಕೆ ಪ್ರಸಿದ್ಧ ನಿದರ್ಶನ ಯುರೋಪಿನ ದ್ರಾಕ್ಷಿ ತೋಟಗಳು. ಒಂದೇ ಮನೆತನ ತಲೆಮಾರುಗಳಿಂದ ದ್ರಾಕ್ಷಿ ಬೆಳೆದು, ತನ್ನ ನೆಲಮಾಳಿಗೆಯಲ್ಲಿಯೇ ದ್ರಾಕ್ಷಾರಸ ಸಿದ್ಧಪಡಿಸಿ, ಅದನ್ನು ಊರಿನ ಹೆಸರಿನಿಂದ ಮಾರುವ ಪದ್ಧತಿ ಅಲ್ಲಿ ಬೆಳೆದುಬಂದಿದೆ. ಫ್ರಾನ್ಸ್ ದೇಶವು 1935ರಲ್ಲಿ ಇಂತಹ ಹೆಸರುಗಳಿಗೆ ಕಾನೂನಿನ ಚೌಕಟ್ಟು ಒದಗಿಸಿದಾಗ ಹೆಸರನ್ನಷ್ಟೇ ಕಾಯಲಿಲ್ಲ. ಯಾವ ಗಡಿಯೊಳಗಿನ ಹೊಲ, ಯಾವ ತಳಿ, ಎಷ್ಟು ಇಳುವರಿ, ರಸ ತೆಗೆಯುವ ಕ್ರಮ ಯಾವುದು ಎಂಬುದನ್ನೂ ನಿಯಮಕ್ಕೆ ಒಳಪಡಿಸಿತು. ಹೀಗೆ ಹೆಸರಿನ ಹಿಂದಿರುವ ಒಕ್ಕಲುತನವೂ ಕಾನೂನಿನ ವಿಷಯವಾಯಿತು.

1994ರ ಜಾಗತಿಕ ವ್ಯಾಪಾರ ಒಪ್ಪಂದದ ತರುವಾಯ ಭಾರತವೂ ಭೌಗೋಳಿಕ ಸೂಚಕಗಳ ಕಾಯಿದೆಯನ್ನು 1999ರಲ್ಲಿ ರಚಿಸಿತು. ಅದು 2003ರಲ್ಲಿ ಜಾರಿಗೆ ಬಂದಿತು. ಕರ್ನಾಟಕದ ದ್ರಾಕ್ಷಿ ಸೀಮೆಗಳೆಂದರೆ ವಿಜಯಪುರ, ಬಾಗಲಕೋಟೆ ಭಾಗದ ಕೃಷ್ಣಾ ಕಣಿವೆ ಮತ್ತು ನಂದಿ ಬೆಟ್ಟದ ಸುತ್ತಲಿನ ಪ್ರದೇಶ. ಬೆಂಗಳೂರು ನೀಲಿ ದ್ರಾಕ್ಷಿಗೆ ಈ ಕಾಯಿದೆಯಡಿ ಮಾನ್ಯತೆ ದೊರೆತಿದೆ. ದ್ರಾಕ್ಷಾರಸ ಉದ್ಯಮಕ್ಕೆಂದು ರಾಜ್ಯ ಸರ್ಕಾರ 2007ರಲ್ಲಿ ಪ್ರತ್ಯೇಕ ನೀತಿಯನ್ನೇ ರೂಪಿಸಿತು. ಇವೆರಡರ ನಡುವೆ ಇರುವ ಧಾರವಾಡದ ಎರೆಸೀಮೆಯಲ್ಲಿ ದ್ರಾಕ್ಷಿಗೆ ಅಂತಹ ಸ್ಥಾನವಿಲ್ಲ. ಆದರೆ ಮನೆತನ, ನೆಲ, ಬೆಳೆ, ಹೆಸರು ಈ ನಾಲ್ಕರ ಸಂಬಂಧವನ್ನು ಅಷ್ಟೇ ಸ್ಪಷ್ಟವಾಗಿ ತೋರಿಸುವ ಒಂದು ಬೆಳೆ ಇಲ್ಲಿದೆ. ಅದು ಬ್ಯಾಡಗಿ ಮೆಣಸಿನಕಾಯಿ.

ಇದಕ್ಕೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಹೆಸರು ಮಾರುಕಟ್ಟೆಯ ಊರಾದ ಬ್ಯಾಡಗಿಯದು. ಬೆಳೆಯುವ ಹೊಲಗಳು ಕುಂದಗೋಳ, ನವಲಗುಂದ, ಅಣ್ಣಿಗೇರಿ ಮೊದಲ್ಗೊಂಡು ಗದಗ, ಹಾವೇರಿ ಜಿಲ್ಲೆಗಳವರೆಗೆ ಹರಡಿವೆ. ಹೆಸರಿಗೆ ರಕ್ಷಣೆ ದೊರೆತ ಈ ಬೆಳೆಯ ಹಿಂದೆ ಯಾವ ಬಗೆಯ ಒಕ್ಕಲುತನವಿತ್ತು, ಅದು ಯಾವ ಕಾರಣಗಳಿಂದ ಸಡಿಲಗೊಂಡಿತು, ಹೊಲದ ಕ್ರಮ ಅಳಿದ ಮೇಲೆ ಹೆಸರು ಉಳಿಯಬಲ್ಲುದೇ ಎಂಬ ಪ್ರಶ್ನೆಗಳನ್ನು ಪ್ರಸ್ತುತ ಲೇಖನವು ಚರಿತ್ರೆ ಮತ್ತು ಜಾನಪದ ಎರಡರ ನೆಲೆಯಿಂದ ಪರಿಶೀಲಿಸುತ್ತದೆ.

2. ಸೀಮೆ ಮತ್ತು ಒಕ್ಕಲು

ಧಾರವಾಡ ಜಿಲ್ಲೆಯಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಸಾಗಿದಂತೆ ಮಳೆ ಕಡಿಮೆಯಾಗುತ್ತದೆ, ಮಣ್ಣು ಕಪ್ಪಾಗುತ್ತದೆ. ಕಲಘಟಗಿ ಮಲೆನಾಡಿನ ಅಂಚು. ಅಲ್ಲಿ ಕೂರಿಗೆಯಿಂದ ಒಣ ನೆಲದಲ್ಲಿ ಬಿತ್ತುವ ಭತ್ತ, ಮಾವು ಮುಖ್ಯ ಬೆಳೆಗಳು. ಕುಂದಗೋಳದ ಕಡೆ ಮಸಾರಿ ಮತ್ತು ಎರೆ ಎರಡೂ ಬೆರೆತಿವೆ. ನವಲಗುಂದ ಹಾಗೂ ಮೊದಲು ಅದೇ ತಾಲೂಕಿಗೆ ಸೇರಿದ್ದು ಈಗ ಪ್ರತ್ಯೇಕ ತಾಲೂಕಾಗಿರುವ ಅಣ್ಣಿಗೇರಿ ಪೂರ್ಣವಾಗಿ ಎರೆಯ ಬಯಲು. ಶಾಸನಗಳಲ್ಲಿ ಬೆಳ್ವೊಲ ಮುನ್ನೂರು ಎಂದು ಕರೆಯಲ್ಪಟ್ಟ ನಾಡು ಇದೇ; ಅಣ್ಣಿಗೇರಿ ಅದರ ರಾಜಧಾನಿಯಾಗಿತ್ತು. ಅಲ್ಲಿಯ ಕಲ್ಯಾಣ ಚಾಲುಕ್ಯರ ಕಾಲದ ಅಮೃತೇಶ್ವರ ದೇವಾಲಯ ಈ ಬಯಲಿನ ಅಂದಿನ ಸಮೃದ್ಧಿಗೆ ಸಾಕ್ಷಿಯಾಗಿದೆ. ಭೂಮಿಯನ್ನು ಮತ್ತರುಗಳಲ್ಲಿ ಅಳೆದು ಗದ್ದೆ, ಬೆದ್ದಲೆ, ತೋಂಟವೆಂದು ವಿಂಗಡಿಸಿದ ದಾನಶಾಸನಗಳು ಈ ಭಾಗದಲ್ಲಿ ಹೇರಳವಾಗಿವೆ.

ಈ ಸೀಮೆಯಲ್ಲಿ ಬೇಸಾಯಕ್ಕೆ ಬಳಕೆಯಾಗುವ ‘ಒಕ್ಕಲುತನ’ ಎಂಬ ಪದವೇ ಗಮನಾರ್ಹ. ಒಕ್ಕಲು ಎಂದರೆ ಒಂದೆಡೆ ನೆಲೆನಿಂತ ಕುಟುಂಬ. ಒಕ್ಕಲು ಎಂದರೆ ಹೊಲ ಮಾಡುವವನೂ ಹೌದು. ಮನೆ ಮತ್ತು ಬೇಸಾಯ ಒಂದೇ ಮಾತಿನಲ್ಲಿ ಅಡಗಿವೆ. ಹೊಲದ ಅಳತೆಯನ್ನೂ ಇಷ್ಟು ‘ಕೂರಿಗೆ’ ಹೊಲ ಎಂದು ಹೇಳುವ ರೂಢಿಯಿತ್ತು. ಒಂದು ಜೊತೆ ಎತ್ತು, ಒಂದು ಮನೆಯ ಆಳುಗಳು ಒಂದು ದಿನದಲ್ಲಿ ಬಿತ್ತಬಲ್ಲಷ್ಟು ನೆಲವೇ ಅಳತೆಯ ಮೂಲವಾಗಿತ್ತು. ಆದ್ದರಿಂದ ಇಲ್ಲಿಯ ಬೇಸಾಯವನ್ನು ಬೆಳೆಗಳ ಪಟ್ಟಿಯಾಗಿ ನೋಡುವುದಕ್ಕಿಂತ ಮನೆತನದ ಬಾಳುವೆಯಾಗಿ ನೋಡುವುದು ಹೆಚ್ಚು ಸೂಕ್ತ.

3. ಬೆರಕೆ ಬಿತ್ತನೆಯ ಕ್ರಮ

ಎರೆಮಣ್ಣು ನೀರನ್ನು ಬಹುಕಾಲ ಹಿಡಿದಿಡುತ್ತದೆ, ಒಣಗಿದಾಗ ಬಿರಿಯುತ್ತದೆ. ಮಳೆ ಹೆಚ್ಚಾದರೆ ಹೊಲದಲ್ಲಿ ಕಾಲಿಡಲಾಗದು, ತಡವಾದರೆ ಬಿತ್ತಲಾಗದು. ಆದ್ದರಿಂದ ಇಲ್ಲಿಯ ರೈತನ ಪಂಚಾಂಗ ಮಳೆ ನಕ್ಷತ್ರಗಳ ಮೇಲೆ ನಿಂತಿದೆ. ಮಿರಗದ ಮಳೆಗೆ ಹೆಸರು ಮತ್ತಿತರ ಮುಂಗಾರಿ ಬೆಳೆ, ಉತ್ತರೆ-ಹಸ್ತದ ಮಳೆಗೆ ಹಿಂಗಾರಿ ಜೋಳ, ಚಿತ್ತೆಯ ಹೊತ್ತಿಗೆ ಕಡಲೆ, ಗೋದಿ ಎಂಬುದು ರೂಢಿಯ ಕ್ರಮ. ‘ಮಘೆ ಮಳೆ ಬಂದಷ್ಟು ಮೇಲು, ಮನೆಮಗ ಉಂಡಷ್ಟು ಮೇಲು’ ಎಂಬ ಗಾದೆ ಆಗಸ್ಟ್ ತಿಂಗಳ ಉತ್ತರಾರ್ಧದ ಮಳೆಯನ್ನು ಮನೆಯ ಮಗನ ಊಟಕ್ಕೆ ಹೋಲಿಸುತ್ತದೆ. ಮುಂಗಾರಿ ಬೆಳೆ ಕಾಳು ಕಟ್ಟುವುದಕ್ಕೂ ಹಿಂಗಾರಿಗೆ ನೆಲ ಹದಗೊಳ್ಳುವುದಕ್ಕೂ ಈ ಮಳೆ ಬೇಕೆಂಬ ಅನುಭವ ಗಾದೆಯಲ್ಲಿದೆ.

ಒಂದೇ ಬೆಳೆಯನ್ನು ನಂಬಿ ಇಡೀ ಹೊಲ ಬಿತ್ತುವ ಪದ್ಧತಿ ಹಿಂದೆ ವಿರಳವಾಗಿತ್ತು. ಮುಖ್ಯ ಬೆಳೆಯ ಇಷ್ಟು ಸಾಲಿಗೊಂದು ಅಕ್ಕಡಿ ಸಾಲು ಹಾಕುವುದು ವಾಡಿಕೆ. ಕೂರಿಗೆಯ ಹಿಂದೆ ಬೇರೊಂದು ಕೊಳವೆಯನ್ನು ಹಗ್ಗದಿಂದ ಕಟ್ಟಿ, ಅದರಲ್ಲಿ ಅಕ್ಕಡಿಯ ಬೀಜ ಬಿಡುತ್ತ ಸಾಗುವ ಕೆಲಸವನ್ನು ಬಹುಮಟ್ಟಿಗೆ ಹೆಣ್ಣುಮಕ್ಕಳು ಮಾಡುತ್ತಿದ್ದರು. ಜೋಳದಲ್ಲಿ ಕುಸುಬೆ ಹಾಗೂ ಅಗಸೆ, ಕಡಲೆಯಲ್ಲಿ ಹವೀಜ, ಹೊಲದ ಸುತ್ತ ಮುಳ್ಳಿನ ಕುಸುಬೆಯ ಅಂಚು ಹೀಗೆ ಜೋಡಿಗಳಿದ್ದವು. ಅಂಚಿನ ಕುಸುಬೆ ದನಗಳನ್ನು ತಡೆಯುವ ಬೇಲಿಯೂ ಆಗಿತ್ತು, ಮನೆಯ ಎಣ್ಣೆಯೂ ಆಗಿತ್ತು.

ಮೆಣಸಿನಕಾಯಿ ಈ ಬೆರಕೆ ಕ್ರಮದೊಳಗೇ ನೆಲೆಗೊಂಡ ಬೆಳೆ. ಅಮೆರಿಕ ಖಂಡ ಮೂಲದ ಈ ಗಿಡ 16ನೆಯ ಶತಮಾನದಲ್ಲಿ ಪೋರ್ಚುಗೀಸರ ಮೂಲಕ ಪಶ್ಚಿಮ ಕರಾವಳಿಗೆ ಬಂದಿತು. ಕನ್ನಡವು ಅದಕ್ಕೆ ಹೊಸ ಹೆಸರು ಹುಡುಕಲಿಲ್ಲ. ತನ್ನ ಹಳೆಯ ಮೆಣಸಿಗೇ ‘ಕಾಯಿ’ ಸೇರಿಸಿಕೊಂಡಿತು. ಹೊರಗಿನಿಂದ ಬಂದ ಬೆಳೆಯೊಂದು ಎರೆಹೊಲದ ಸ್ವಂತ ಬೆಳೆಯೆನಿಸುವಷ್ಟು ಬೇರೂರಿದ್ದು ಮೂರು ಬೆಳೆಗಳ ಒಂದು ಹೊಂದಾಣಿಕೆಯಿಂದ. ಮುಂಗಾರಿನಲ್ಲಿ ಉಳ್ಳಾಗಡ್ಡಿ ಮತ್ತು ಮೆಣಸಿನಕಾಯಿಯನ್ನು ಜೊತೆಯಾಗಿ ಹಾಕುವುದು, ಆಗಸ್ಟ್-ಸೆಪ್ಟೆಂಬರ್ ವೇಳೆಗೆ ನಡುವಿನ ಸಾಲುಗಳಲ್ಲಿ ಹತ್ತಿ ಊರುವುದು ಇದರ ಕ್ರಮ. ಮೇಲುಬೇರಿನ ಉಳ್ಳಾಗಡ್ಡಿ ಮೊದಲು ಕೈಗೆ ಬರುತ್ತದೆ. ಅದು ಎದ್ದ ಮೇಲೆ ಬಿಡುವಾದ ಜಾಗದಲ್ಲಿ ಮೆಣಸಿನಗಿಡ ಹರಡಿ ಚಳಿಗಾಲದಲ್ಲಿ ಕಾಯಿ ಹಣ್ಣಾಗುತ್ತದೆ. ಆಳಕ್ಕೆ ಬೇರು ಬಿಡುವ ಹತ್ತಿ ಎರೆಯ ತಳದ ಹಸಿಯನ್ನು ಹೀರಿ ಬೇಸಿಗೆಯ ಆರಂಭದಲ್ಲಿ ಒಡೆಯುತ್ತದೆ. ಒಂದು ಹೊಲ, ಒಂದು ವರ್ಷದ ಮಳೆ, ಮೂರು ಸುಗ್ಗಿ. ಒಂದು ಬೆಳೆ ಕೈಕೊಟ್ಟರೂ ಮತ್ತೊಂದು ಮನೆಯನ್ನು ನಡೆಸುತ್ತಿತ್ತು.

ಗೊಬ್ಬರದ ವ್ಯವಸ್ಥೆಯೂ ಊರಿನೊಳಗೇ ಇತ್ತು. ಮನೆಯ ತಿಪ್ಪೆ ಒಂದು ಮೂಲ. ಸುಗ್ಗಿಯ ನಂತರ ಕುರುಬರ ಕುರಿಹಿಂಡುಗಳನ್ನು ರಾತ್ರಿ ಹೊಲದಲ್ಲಿ ನಿಲ್ಲಿಸಿ, ಪ್ರತಿಯಾಗಿ ಕಾಳು ಕೊಡುವುದು ಇನ್ನೊಂದು. ಕೊಯ್ದ ಜೋಳದ ಕಣಿಕೆ ಎತ್ತುಗಳಿಗೆ, ಹತ್ತಿಕಟ್ಟಿಗೆ ಒಲೆಗೆ, ಒಲೆಯ ಬೂದಿ ಬೀಜದ ಗಡಿಗೆಗೆ ಸಲ್ಲುತ್ತಿತ್ತು. ಈ ಸುತ್ತಿನಲ್ಲಿ ಹೊರಗಿನಿಂದ ಕೊಳ್ಳಬೇಕಾದುದು ತೀರ ಕಡಿಮೆ ಎಂಬುದೇ ಅದರ ಮುಖ್ಯ ಬಲ.

4. ಬೀಜ, ಕಣ ಮತ್ತು ಹೆಣ್ಣುಮಕ್ಕಳ ಅರಿವು

ಬ್ಯಾಡಗಿ ಮೆಣಸಿನಕಾಯಿಯಲ್ಲಿ ಎರಡು ಬಗೆಗಳನ್ನು ಜನ ಗುರುತಿಸುತ್ತಾರೆ. ಉದ್ದವಾಗಿ, ಮೈತುಂಬ ನಿರಿಗೆಗಳಿಂದ ಕೂಡಿದ್ದು ಕಡ್ಡಿ. ಗಿಡ್ಡವಾಗಿ ಉಬ್ಬಿದ್ದು ಡಬ್ಬಿ. ಎರಡರಲ್ಲಿಯೂ ಖಾರ ಕಡಿಮೆ, ಬಣ್ಣ ಹೆಚ್ಚು. ಈ ಗುಣದಿಂದಲೇ ಅದು ಅಡುಗೆಮನೆಯನ್ನು ದಾಟಿ ಕೈಗಾರಿಕೆಯನ್ನು ತಲುಪಿತು. ಇದರಿಂದ ತೆಗೆಯುವ ಓಲಿಯೋರೆಸಿನ್ ಎಂಬ ಬಣ್ಣದ ಸತ್ವ ಆಹಾರ ಪದಾರ್ಥಗಳಲ್ಲಿಯೂ ತುಟಿರಂಗು ಮುಂತಾದ ಪ್ರಸಾಧನಗಳಲ್ಲಿಯೂ ಬಳಕೆಯಲ್ಲಿದೆ.

ಕೈಗಾರಿಕೆ ಇಂದು ಯಂತ್ರದಿಂದ ಅಳೆಯುವ ಬಣ್ಣವನ್ನು ತಲೆಮಾರುಗಳ ಕಾಲ ಅಳೆದದ್ದು ಮನೆಯ ಹೆಂಗಸರ ಕಣ್ಣು. ತುಂಬು ಬೆಳೆಯಲ್ಲಿ ಬಿಡಿಸಿದ ಹಣ್ಣುಗಳಿಂದ ಬೀಜಕ್ಕೆ ತಕ್ಕವನ್ನು ಬೇರೆ ತೆಗೆಯುವುದು, ಸಗಣಿ ಸಾರಿಸಿದ ಕಣದಲ್ಲಿ ಅವನ್ನು ತಿರುವುತ್ತ ಒಣಗಿಸುವುದು, ಬಣ್ಣಗೆಟ್ಟ ಬಿಳಿಗಾಯಿಗಳನ್ನು ಆರಿಸಿ ಹೊರಹಾಕುವುದು, ಬೀಜವನ್ನು ಬೂದಿಯಲ್ಲಿ ಬೆರೆಸಿ ಗಡಿಗೆಯಲ್ಲಿಟ್ಟು ಬಾಯಿಕಟ್ಟುವುದು ಇವೆಲ್ಲ ಅತ್ತೆಯಿಂದ ಸೊಸೆಗೆ, ತಾಯಿಯಿಂದ ಮಗಳಿಗೆ ಬಂದ ಕೆಲಸಗಳು. ಮದುವೆಯಾಗಿ ಹೋದ ಹೆಣ್ಣುಮಗಳು ತವರಿನ ಬೀಜವನ್ನು ಗಂಡನ ಮನೆಗೆ ಒಯ್ಯುವ ರೂಢಿಯಿಂದ ತಳಿ ಊರಿಂದೂರಿಗೆ ಹರಡಿತು. ತಳಿಯ ಗುಣ ನಿಂತಿದ್ದು ಈ ಆಯ್ಕೆಯ ಮೇಲೆ.

ಜೋಳದ ಸಂಗ್ರಹಕ್ಕೆ ಹಗೇವು ಇತ್ತು. ಗಟ್ಟಿ ನೆಲದಲ್ಲಿ ಆಳವಾಗಿ ತೋಡಿದ ಈ ಕಣಜದ ಒಳಮೈಗೆ ಹುಲ್ಲು ಹಾಸಿ, ಕಾಳು ತುಂಬಿ, ಬಾಯಿಯನ್ನು ಮಣ್ಣಿನಿಂದ ಮುಚ್ಚಿದರೆ ವರ್ಷಗಳವರೆಗೆ ಜೋಳ ಕೆಡುತ್ತಿರಲಿಲ್ಲ. ತೆರೆದ ಕೂಡಲೇ ಒಳಗಿಳಿದರೆ ಕೆಟ್ಟ ಗಾಳಿಯಿಂದ ಪ್ರಾಣಾಪಾಯ. ಆದ್ದರಿಂದ ದೀಪ ಇಳಿಬಿಟ್ಟು ನೋಡುವ ಎಚ್ಚರಿಕೆ ರೂಢಿಯಲ್ಲಿತ್ತು. ಧಾರವಾಡ, ಕಲಾದಗಿ ಭಾಗಗಳು 1876-78ರ ಬರದಲ್ಲಿ ತೀವ್ರವಾಗಿ ನೊಂದ ಸೀಮೆಗಳು. ಬರದ ನೆನಪುಳ್ಳ ಸಮಾಜದಲ್ಲಿ ಹಗೇವು ಸಿರಿವಂತಿಕೆಯ ಗುರುತು ಮಾತ್ರವಾಗಿರದೆ ಮುಂದಿನ ಬರದ ಭಯಕ್ಕೆ ಕೊಟ್ಟ ಉತ್ತರವೂ ಆಗಿತ್ತು.

ಈ ವ್ಯವಸ್ಥೆಯನ್ನು ಕೇವಲ ಹೊಗಳಿಕೆಯ ದೃಷ್ಟಿಯಿಂದ ನೋಡಲಾಗದು. ಹೊಲದ ಒಡೆತನ ಬಹುಮಟ್ಟಿಗೆ ಗಂಡಸಿನ ಹೆಸರಿನಲ್ಲಿತ್ತು. ಬೀಜದ ಅರಿವು ಹೆಣ್ಣಿನದಾಗಿತ್ತು. ಹಗೇವು ಎಲ್ಲರ ಮನೆಯ ಮುಂದೆ ಇರಲಿಲ್ಲ. ಬಡಿಗ, ಕಮ್ಮಾರ ಮೊದಲಾದ ಆಯಗಾರರು ಕಣದಲ್ಲಿ ತಮ್ಮ ಪಾಲಿನ ಆಯ ಪಡೆದರೆ, ಭೂಮಿಯಿಲ್ಲದ ಕೂಲಿಕಾರರ ಪಾಲು ಒಡೆಯನ ಇಚ್ಛೆಯ ಮೇಲೆ ನಿಂತಿರುತ್ತಿತ್ತು. 1974ರ ಭೂಸುಧಾರಣೆಯ ತಿದ್ದುಪಡಿ ಕಾಯಿದೆಯಿಂದ ಅನೇಕ ಗೇಣಿದಾರರು ಹೊಲದ ಒಡೆಯರಾದುದು ಈ ಒಕ್ಕಲುತನದ ಚರಿತ್ರೆಯಲ್ಲಿ ಬೆಳೆಗಳ ಬದಲಾವಣೆಯಷ್ಟೇ ಮಹತ್ವದ ಘಟನೆ.

5. ಆಚರಣೆಗಳಲ್ಲಿ ಅಡಗಿದ ಬೇಸಾಯ

ಈ ಸೀಮೆಯ ಹಬ್ಬಗಳ ಸಾಲು ಬೇಸಾಯದ ಸಾಲೇ ಆಗಿದೆ. ಕಾರಹುಣ್ಣಿಮೆಯಲ್ಲಿ ಎತ್ತುಗಳ ಪೂಜೆ, ಮಣ್ಣೆತ್ತಿನ ಅಮಾವಾಸ್ಯೆಯಲ್ಲಿ ಎರೆಮಣ್ಣಿನ ಎತ್ತುಗಳ ಪೂಜೆ ಬಿತ್ತನೆಯ ಹೊತ್ತಿಗೆ ಬರುತ್ತವೆ. ಭಾದ್ರಪದದಲ್ಲಿ ಜೋಕುಮಾರನನ್ನು ಬುಟ್ಟಿಯಲ್ಲಿ ಹೊತ್ತು ಮನೆಮನೆಗೆ ಬರುವ ಹೆಂಗಸರಿಂದ ಪಡೆದ ಪ್ರಸಾದವನ್ನು ಹೊಲದಲ್ಲಿ ಚೆಲ್ಲಿದರೆ ಬೆಳೆಗೆ ರೋಗ ತಟ್ಟದೆಂಬ ನಂಬಿಕೆಯಿದೆ. ಸೀಗೆ ಹುಣ್ಣಿಮೆಯಲ್ಲಿ ಭೂಮಿಯನ್ನು ಬಸುರಿಯೆಂದು ಭಾವಿಸಿ ಬಯಕೆಯ ಅಡುಗೆಯನ್ನು ಹೊಲಕ್ಕೆ ಒಯ್ಯುತ್ತಾರೆ. ಎಳ್ಳ ಅಮಾವಾಸ್ಯೆಯಲ್ಲಿ ಹಿಂಗಾರಿ ಪೈರು ಎದೆಯೆತ್ತರಕ್ಕೆ ಬಂದಿರುವಾಗ ಐದು ಕಲ್ಲುಗಳನ್ನು ಪಾಂಡವರೆಂದು ಪೂಜಿಸಿ ಹೊಲದ ನಾಲ್ಕೂ ಕಡೆ ಚರಗ ಚೆಲ್ಲುತ್ತಾರೆ.

ಚರಗದ ಅಡುಗೆಯ ಸ್ವರೂಪವನ್ನು ಗಮನಿಸಿದರೆ ಬೆರಕೆ ಬೇಸಾಯದ ಪೂರ್ಣ ಚಿತ್ರ ದೊರೆಯುತ್ತದೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಜೋಳದ ಕಡುಬು, ಪುಂಡಿಪಲ್ಯ, ಎಣ್ಣೆಗಾಯಿ ಬದನೆ, ಹಲವು ಕಾಳುಗಳ ಪಲ್ಯ, ಶೇಂಗಾ ಹೋಳಿಗೆ, ಅಗಸಿ ಚಟ್ನಿ, ಕೆಂಪು ಖಾರ ಇವೆಲ್ಲ ಒಂದು ಬುಟ್ಟಿಯಲ್ಲಿ ಸೇರಬೇಕಾದರೆ ಅವೆಲ್ಲ ಮನೆಯ ಹೊಲದಲ್ಲಿ, ಇಲ್ಲವೆ ನೆರೆಯವರ ಹೊಲದಲ್ಲಿ ಬೆಳೆದಿರಬೇಕು. ಅಡುಗೆಯ ನಿಯಮವು ಬಿತ್ತನೆಯ ನಿಯಮವನ್ನು ಪರೋಕ್ಷವಾಗಿ ಕಾಯುತ್ತಿತ್ತೆಂದು ಹೇಳಬಹುದು. ಅಗಸೆ ಅಥವಾ ಪುಂಡಿಯ ಒಂದು ಸಾಲನ್ನು ಮಾರುಕಟ್ಟೆಯ ಲೆಕ್ಕದಿಂದ ಸಮರ್ಥಿಸಿಕೊಳ್ಳುವುದು ಕಷ್ಟ. ಹಬ್ಬದ ಲೆಕ್ಕದಿಂದ ಅದು ಅನಿವಾರ್ಯವಾಗಿತ್ತು. ಇಂದಿಗೂ ಚರಗ ಚೆಲ್ಲುತ್ತಾರೆ. ಆದರೆ ಬುಟ್ಟಿಯ ಅನೇಕ ಪದಾರ್ಥಗಳು ಅಂಗಡಿಯಿಂದ ಬರುತ್ತವೆ. ಆಚರಣೆ ಉಳಿದು ಅದರ ಆಧಾರ ಸರಿದುಹೋಗಿರುವುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಕಣದ ಸಂಗತಿಯೂ ಹೀಗೆಯೇ. ಮೇಟಿಯ ಸುತ್ತ ಎತ್ತುಗಳನ್ನು ತಿರುಗಿಸುತ್ತ ರಾತ್ರಿಯಿಡೀ ಹಾಡುತ್ತಿದ್ದ ಹಂತಿಯ ಹಾಡುಗಳು ಉತ್ತರ ಕರ್ನಾಟಕದ ಜನಪದ ಸಾಹಿತ್ಯದ ಒಂದು ಪ್ರಮುಖ ಪ್ರಕಾರ. ಒಕ್ಕಣೆಯ ಯಂತ್ರ ಬಂದಾಗ ಶ್ರಮ ತಗ್ಗಿತು. ಅದನ್ನು ಯಾರೂ ಬೇಡವೆನ್ನಲಾರರು. ಆದರೆ ಹಾಡು ಕೆಲಸದ ಲಯಕ್ಕೆ ಕಟ್ಟಿಬಿದ್ದುದರಿಂದ ಕೆಲಸದೊಂದಿಗೆ ಅದೂ ಕಣವನ್ನು ಬಿಟ್ಟಿತು.

6. ಹೊರಗಿನ ಮಾರುಕಟ್ಟೆ ಮತ್ತು ಹೊಲ

ಧಾರವಾಡದ ಎರೆಹೊಲಕ್ಕೆ ಹೊರಗಿನ ಮಾರುಕಟ್ಟೆಯ ಸಂಬಂಧ ಹೊಸದಲ್ಲ. ಇಲ್ಲಿಯ ನಾಟಿ ಹತ್ತಿ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಸಾಗುತ್ತಿದ್ದುದರಿಂದ ವ್ಯಾಪಾರಿಗಳ ಬಾಯಲ್ಲಿ ಅದಕ್ಕೆ ‘ಕುಮಟಾ’ ಎಂಬ ಹೆಸರೇ ಬಿದ್ದಿತು. ಬೆಳೆದ ಹೊಲದ ಹೆಸರಿಗಿಂತ ಸಾಗಿಸಿದ ಬಂದರಿನ ಹೆಸರು ನಿಂತದ್ದು ಕುತೂಹಲಕರ. 1840ರ ದಶಕದಲ್ಲಿ ಬ್ರಿಟಿಷ್ ಆಡಳಿತ ಅಮೆರಿಕದ ಹತ್ತಿ ತಳಿಯನ್ನು ಇಲ್ಲಿ ಹರಡಿತು. ಅದು ‘ಧಾರವಾಡ-ಅಮೆರಿಕನ್’ ಎಂದು ಹೆಸರಾಯಿತು. 1861-65ರ ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಹತ್ತಿಯ ಬೆಲೆ ಏರಿದಾಗ ತಳಿಗಳನ್ನು ಬೆರೆಸಿ ಮಾರುವ ದೂರುಗಳು ಹೆಚ್ಚಿದವು. ಇದನ್ನು ತಡೆಯಲು ಮುಂಬಯಿ ಸರ್ಕಾರ 1863ರಲ್ಲಿ ಹತ್ತಿ ವಂಚನೆ ತಡೆ ಕಾಯಿದೆಯನ್ನು ತಂದಿತು. ಬೆಳೆಯ ಹೆಸರಿನ ಶುದ್ಧಿಯನ್ನು ಕಾಯುವ ಈ ಕಾನೂನಿನ ಗಮನ ಕೊಳ್ಳುವವನ ಹಿತದ ಮೇಲಿತ್ತೇ ಹೊರತು ಬೆಳೆದ ಒಕ್ಕಲಿನ ಮೇಲಿರಲಿಲ್ಲ. 1880ರ ದಶಕದಲ್ಲಿ ರೈಲು ಬಂದು ಅಣ್ಣಿಗೇರಿ, ಕುಂದಗೋಳಗಳು ನಿಲ್ದಾಣಗಳಾದವು. ಹೊಲದಿಂದ ಬಂದರಿನ ದಾರಿ ಇನ್ನಷ್ಟು ಹತ್ತಿರವಾಯಿತು.

ಆದರೂ 20ನೆಯ ಶತಮಾನದ ಮಧ್ಯದವರೆಗೆ ಹತ್ತಿ ಬೆರಕೆ ಕ್ರಮವನ್ನು ಒಡೆಯಲಿಲ್ಲ. ಧಾರವಾಡದ ಸಂಶೋಧನೆಯಿಂದ ಬಂದ ಜಯಧರ ತಳಿ ನಾಟಿ ಹತ್ತಿಯ ವಂಶದ್ದೇ ಆಗಿದ್ದು, ಮಳೆಯಾಶ್ರಯದ ಎರೆಗೆ, ಮೆಣಸಿನಕಾಯಿಯ ನಡುಸಾಲಿಗೆ ಚೆನ್ನಾಗಿ ಒಗ್ಗಿತು. ನಿಜವಾದ ತಿರುವು ಬಂದದ್ದು 1970ರ ದಶಕದಲ್ಲಿ. ಸವದತ್ತಿಯ ನವಿಲುತೀರ್ಥದ ಬಳಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟಿನ ಕಾಲುವೆಗಳು ನವಲಗುಂದ, ನರಗುಂದದ ಕಡೆ ಹರಿದವು. ಅದೇ ಹೊತ್ತಿಗೆ, 1972ರಲ್ಲಿ, ವರಲಕ್ಷ್ಮಿ ಸಂಕರಣ ಹತ್ತಿ ಧಾರವಾಡದಿಂದ ಬಿಡುಗಡೆಯಾಯಿತು. ನೀರು, ಗೊಬ್ಬರ, ಔಷಧಿ ಬೇಡುವ ಈ ಹತ್ತಿಯನ್ನು ರೈತರು ಇಡೀ ಹೊಲಕ್ಕೆ ಹಾಕಿದರು. ಬೀಜವನ್ನು ಪ್ರತಿವರ್ಷ ಕೊಳ್ಳಬೇಕಾಯಿತು. ಮನೆಯ ಬೀಜದ ಗಡಿಗೆಗೆ ಕೆಲಸ ಉಳಿಯಲಿಲ್ಲ.

ಹತ್ತಿಯ ಬೆಲೆ ಕುಸಿಯಿತು. ನೀರು ತಲುಪದ ಹೊಲಗಳಿಗೂ ಕರದ ಹೊರೆ ಬಿದ್ದಿತು. ನೀರು ನಿಂತ ಕಡೆ ಎರೆ ಜವುಳಾಯಿತು, ಸವುಳೇರಿತು. ಅಭಿವೃದ್ಧಿ ಕರದ ವಿರುದ್ಧ ಎದ್ದ ಚಳವಳಿ 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ಗೋಲಿಬಾರಿನಲ್ಲಿ ಪರ್ಯವಸಾನಗೊಂಡಿತು. ಆ ದಿನವನ್ನು ರೈತ ಹುತಾತ್ಮ ದಿನವೆಂದು ಇಂದಿಗೂ ಆಚರಿಸಲಾಗುತ್ತದೆ. ಕರ್ನಾಟಕ ರಾಜ್ಯ ರೈತ ಸಂಘದ ಹುಟ್ಟಿಗೂ ಈ ಬಂಡಾಯವೇ ಹಿನ್ನೆಲೆ. ಇದನ್ನು ಕರದ ವಿರುದ್ಧದ ಹೋರಾಟವೆಂದು ಚರಿತ್ರೆ ದಾಖಲಿಸಿದೆ. ಒಕ್ಕಲುತನದ ನೆಲೆಯಿಂದ ನೋಡಿದರೆ ಅದು ಮೂರು ಸುಗ್ಗಿಯ ಹೊಲ ಒಂದೇ ಸುಗ್ಗಿಯ ಹೊಲವಾದ ಮೇಲೆ, ಆ ಒಂದೂ ಕೈಕೊಟ್ಟಾಗ ಉಂಟಾದ ಸಂಕಟವೂ ಹೌದು.

7. ಹೆಸರಿನ ರಕ್ಷಣೆ, ಹೊಲದ ರಕ್ಷಣೆ

ಮೆಣಸಿನಕಾಯಿಯ ಹೊಲದಲ್ಲಿಯೂ ಇದೇ ದಾರಿ ಕಾಣುತ್ತದೆ. ಎಲೆ ಮುದುಡುವ ಮುಟುರು ರೋಗಕ್ಕೆ ನಾಟಿ ತಳಿ ಈಡಾಗುತ್ತದೆ, ಇಳುವರಿಯೂ ಕಡಿಮೆ. ಹೀಗಾಗಿ ಹೆಚ್ಚು ಇಳುವರಿಯ ಖಾಸಗಿ ಸಂಕರಣ ತಳಿಗಳು ಹರಡಿದವು. 2002ರ ನಂತರ ಕುಲಾಂತರಿ ಹತ್ತಿ ಬಂದು ಜಯಧರದ ಜಾಗವನ್ನು ಬಹುಪಾಲು ಆಕ್ರಮಿಸಿತು. ಮಸಾರಿ ಹೊಲಗಳಲ್ಲಿ ಗೋವಿನಜೋಳ ಬಂದಿತು. ರೈತನನ್ನು ಇದಕ್ಕೆ ದೂಷಿಸುವುದು ಸಲ್ಲದು. ಆಳಿನ ಕೂಲಿ, ಎತ್ತು ಸಾಕುವ ವೆಚ್ಚ, ಮಕ್ಕಳ ಓದು ಇವುಗಳ ಎದುರು ಇಳುವರಿಯ ಲೆಕ್ಕ ಹಾಕುವುದು ಅವನಿಗೆ ಅನಿವಾರ್ಯ.

ಇಲ್ಲಿ ಬೀಜದ ಒಂದು ಸೂಕ್ಷ್ಮ ಸಂಗತಿಯಿದೆ. ಮೆಣಸಿನಗಿಡದಲ್ಲಿ ಪರಕೀಯ ಪರಾಗಸ್ಪರ್ಶ ಸಾಕಷ್ಟು ಪ್ರಮಾಣದಲ್ಲಿ ನಡೆಯುತ್ತದೆ. ಒಂದು ಮನೆತನ ತನ್ನ ಬೀಜವನ್ನು ಎಷ್ಟೇ ಜತನವಾಗಿ ಕಾಯ್ದರೂ ಬದುವಿನಾಚೆ ಬೇರೆ ತಳಿಯಿದ್ದರೆ ನಾಲ್ಕಾರು ವರ್ಷಗಳಲ್ಲಿ ಅದರ ಗುಣ ಕದಡುತ್ತದೆ. ಹಿಂದೆ ಇಡೀ ಊರೇ ಒಂದು ತಳಿಯನ್ನು ಬೆಳೆಯುತ್ತಿದ್ದುದರಿಂದ ಒಂದೊಂದು ಮನೆಯ ಆಯ್ಕೆಯೂ ಊರಿನ ಆಯ್ಕೆಯಾಗಿ ಉಳಿಯುತ್ತಿತ್ತು. ಆದ್ದರಿಂದ ಮನೆತನದ ಪರಂಪರೆ ಎನ್ನುವುದು ವಾಸ್ತವದಲ್ಲಿ ಊರಿನ ಪರಂಪರೆ. ಒಂಟಿ ಮನೆತನದ ನಿಷ್ಠೆಯಿಂದ ಅದನ್ನು ಉಳಿಸಲಾಗದು.

ಭೌಗೋಳಿಕ ಸೂಚಕದ ಮಿತಿ ಕಾಣುವುದು ಈ ಹಂತದಲ್ಲಿಯೇ. ನೋಂದಣಿಯ ಕಾಗದದಲ್ಲಿ ಬೇಸಾಯದ ವಿವರಣೆ ಇರುತ್ತದೆ. ಆದರೆ ವಿವರಣೆ ಬೇರೆ, ರಕ್ಷಣೆ ಬೇರೆ. ಬ್ಯಾಡಗಿಯ ಮಾರುಕಟ್ಟೆಗೆ ಬಳ್ಳಾರಿ, ರಾಯಚೂರು, ಆಂಧ್ರಪ್ರದೇಶದ ನೀರಾವರಿ ಹೊಲಗಳಿಂದಲೂ ಅಪಾರ ಪ್ರಮಾಣದ ಕಾಯಿ ಬರುತ್ತದೆ. 2024ರ ಮಾರ್ಚ್ 11ರಂದು ಬೆಲೆ ಏಕಾಏಕಿ ಕುಸಿದಾಗ ಆಕ್ರೋಶಗೊಂಡ ರೈತರು ಅಲ್ಲಿಯ ಕೃಷಿ ಉತ್ಪನ್ನ ಮಾರುಕಟ್ಟೆಯ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿದ್ದಿತು. ಹೆಸರಿಗೆ ಮಾನ್ಯತೆ ದೊರೆತು ಹದಿಮೂರು ವರ್ಷಗಳಾಗಿದ್ದರೂ ಬೆಳೆದವನಿಗೆ ಬೆಲೆಯ ಭದ್ರತೆ ಇರಲಿಲ್ಲ. 1863ರ ಕಾಯಿದೆ ಹತ್ತಿಯ ಹೆಸರನ್ನು ಕಾಯ್ದಾಗ ಒಕ್ಕಲು ಹೊರಗುಳಿದಂತೆಯೇ 2011ರ ಮಾನ್ಯತೆಯಲ್ಲಿಯೂ ಒಕ್ಕಲು ಹೊರಗುಳಿಯಿತು. ದ್ರಾಕ್ಷಿಯ ಸೀಮೆಗಳಲ್ಲಿ ಹೆಸರು ಮತ್ತು ಬೇಸಾಯ ಒಂದೇ ನಿಯಮದಡಿ ಬಂದದ್ದಕ್ಕೆ ಇದನ್ನು ಹೋಲಿಸಿದರೆ ಕೊರತೆ ಎಲ್ಲಿದೆಯೆಂಬುದು ಸ್ಪಷ್ಟವಾಗುತ್ತದೆ.

ಇದಕ್ಕೆ ಪರ್ಯಾಯವೊಂದರ ಸುಳಿವು ಇದೇ ಸೀಮೆಯಲ್ಲಿ ಮೂಡಿದೆ. ಕುಂದಗೋಳ ತಾಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಮಹಿಳಾ ಸ್ವಸಹಾಯ ಸಂಘವು 2018ರಲ್ಲಿ ಆರಂಭವಾಗಿ, ಸಿರಿಧಾನ್ಯಗಳ ಬೇಸಾಯ, ಸಮುದಾಯ ಬೀಜ ಬ್ಯಾಂಕ್ ಮತ್ತು ಸಿರಿಧಾನ್ಯ ಸಂಸ್ಕರಣೆಯ ಘಟಕವನ್ನು ಕಟ್ಟಿಕೊಂಡಿತು. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ 2025ರಲ್ಲಿ ಈ ಸಂಘಕ್ಕೆ ಸಂದಿತು. ಒಂದು ಕಾಲಕ್ಕೆ ಒಂದೊಂದು ಮನೆಯ ಅಟ್ಟದಲ್ಲಿದ್ದ ಗಡಿಗೆಗಳು ಇಲ್ಲಿ ಊರಿನ ಒಂದು ಕೋಣೆಯಲ್ಲಿ ಸೇರಿವೆ. ಬೀಜವನ್ನು ಕಾಯುವ ಹೆಣ್ಣುಮಕ್ಕಳೇ ಧಾನ್ಯವನ್ನು ಸಂಸ್ಕರಿಸಿ ಮಾರುವುದರಿಂದ ಬೆಲೆಯ ಒಂದು ಪಾಲು ಅವರ ಕೈಗೇ ಬರುತ್ತದೆ. ದ್ರಾಕ್ಷಿ ಬೆಳೆದ ಮನೆತನವೇ ದ್ರಾಕ್ಷಾರಸವನ್ನೂ ಮಾಡಿ ಮಾರುವ ಕ್ರಮದ ತಿರುಳೂ ಇದೇ.

8. ಸಮಾರೋಪ

ಧಾರವಾಡ ಎರೆಸೀಮೆಯ ಬೆರಕೆ ಬೇಸಾಯವನ್ನು ಹಿಂದಿನಂತೆಯೇ ಮರಳಿ ತರುವುದು ಸಾಧ್ಯವಿಲ್ಲ. ಅದರ ಎಲ್ಲ ಅಂಶಗಳು ಮರಳಿ ಬರಬೇಕಾದವೂ ಅಲ್ಲ. ಹಗೇವಿನ ಜೊತೆಗೆ ಹಸಿವೂ ಇತ್ತು, ಹಂತಿಯ ಹಾಡಿನ ಜೊತೆಗೆ ನಿದ್ದೆಗೆಟ್ಟ ದುಡಿಮೆಯೂ ಇತ್ತು. ಆದರೆ ಬೀಜದ ಆಯ್ಕೆ, ಸಾಲುಗಳ ಜೋಡಣೆ, ಮಳೆಯ ಲೆಕ್ಕ, ನೆಲದ ಫಲವತ್ತತೆಯ ಸುತ್ತು ಇವು ಇಂದಿಗೂ ಉಪಯುಕ್ತವಾದ ಜ್ಞಾನಗಳು. ಬ್ಯಾಡಗಿ ಮೆಣಸಿನಕಾಯಿಯ ಬಣ್ಣ ಈ ಜ್ಞಾನದಿಂದ ಹುಟ್ಟಿತು.

ಈ ನಿಟ್ಟಿನಲ್ಲಿ ಮೂರು ಕೆಲಸಗಳು ತುರ್ತಾಗಿ ಆಗಬೇಕಾಗಿವೆ. ಮೊದಲನೆಯದಾಗಿ, ಕಡ್ಡಿ ಮತ್ತು ಡಬ್ಬಿ ತಳಿಗಳ ಬೀಜವನ್ನು ಊರನ್ನೇ ಘಟಕವಾಗಿ ಇಟ್ಟುಕೊಂಡು ಕಾಯುವ ವ್ಯವಸ್ಥೆ ಬೇಕು. ಎರಡನೆಯದಾಗಿ, ಉಳ್ಳಾಗಡ್ಡಿ-ಮೆಣಸಿನಕಾಯಿ-ಹತ್ತಿಯ ಬೆರಕೆ ಕ್ರಮದಲ್ಲಿ ಬೆಳೆದ ಕಾಯಿಗೆ ಮಾರುಕಟ್ಟೆಯಲ್ಲಿ ಪ್ರತ್ಯೇಕ ಗುರುತು ಮತ್ತು ಬೆಲೆ ದೊರೆಯಬೇಕು. ಮೂರನೆಯದಾಗಿ, ಜಾನಪದ ಸಂಶೋಧನೆಯು ಹಾಡು, ಹಬ್ಬಗಳನ್ನು ದಾಖಲಿಸುವಾಗ ಅವುಗಳ ಹಿಂದಿನ ಬಿತ್ತನೆಯ ಕ್ರಮವನ್ನೂ ದಾಖಲಿಸಬೇಕು. ಚರಗದ ಬುಟ್ಟಿಯಲ್ಲಿ ಯಾವ ಪಲ್ಯವಿತ್ತೆಂದು ಬರೆದುಕೊಳ್ಳುವಾಗ ಆ ಕಾಳು ಯಾವ ಸಾಲಿನಲ್ಲಿ, ಯಾವ ಮಳೆಗೆ, ಯಾರ ಕೈಯಿಂದ ಬಿತ್ತಲ್ಪಟ್ಟಿತೆಂಬುದನ್ನು ಕೇಳಿ ಬರೆದುಕೊಳ್ಳುವುದು ಅಗತ್ಯ. ಅಕ್ಕಡಿಯ ಬೀಜ ಬಿಟ್ಟ ಕೈಗಳು ಇನ್ನೂ ಈ ಊರುಗಳಲ್ಲಿವೆ. ಆ ಹೆಣ್ಣುಮಕ್ಕಳಿಗೆ ಈಗ ವಯಸ್ಸಾಗಿದೆ.